ಅವನು ಬಿಚ್ಚಿದ ಗಂಟು

"ಈ ಗಂಟು ಯಾರು ಹಾಕಿದ್ದು?"

ಜಮಖಂಡಿಯ ಗುಡ್ಡದ ಬಂಡೆಯ ಕೆಳಗೆ ಮೂವತ್ತು ಜನ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೇಳಾಕತ್ತೇನಿ... ಯಾರು ಹಾಕಿದ್ದು?"

ಗಂಗಾಂಬಿಕಾ ಒಂದು ಹೆಜ್ಜೆ ಮುಂದೆ ಬಂದಳು. ತಲೆ ತಗ್ಗಿಸಿ ಬರುವ ಹುಡುಗಿಯಲ್ಲ ಅವಳು, ಗದ್ದ ಎತ್ತಿಯೇ ಬಂದಳು.

"ನಾನ್ರೀ. ಬನಹಟ್ಟಿ ನೇಕಾರರ ಗಂಟದು. ನಮ್ಮಜ್ಜನ ಅಜ್ಜನ ಕಾಲದಿಂದ ಹಾಕ್ಕೋತ ಬಂದೇವಿ. ಏನಾಗೇತಿ ಅದಕ್ಕ?"

ಕೇಳಿದವನು ಹತ್ತಿರ ಬಂದ. ಅವಳು ಜೋಡಿಸಿದ್ದ ಎರಡು ಹಗ್ಗಗಳನ್ನು ಎರಡು ಕೈಯಲ್ಲಿ ಹಿಡಿದು ಬಲವಾಗಿ ಜಗ್ಗಿದ. ಗಂಟು ಜಪ್ಪಯ್ಯ ಅನ್ನಲಿಲ್ಲ.

ಗಂಗಾಳ ತುಟಿಯಲ್ಲಿ ಸಣ್ಣ ನಗು ಮೂಡಿತು. 'ಈಗ ಏನಂತೀಯಪ್ಪಾ?'

ಅವನು ಹಗ್ಗವನ್ನು ಸಡಿಲ ಬಿಟ್ಟ. ಒಂದು ಸಲ ಅಲ್ಲಾಡಿಸಿದ, ಎರಡು ಸಲ, ಮೂರು ಸಲ. ಮತ್ತೆ ಜಗ್ಗಿದ.

ಸರ್ರನೆ ಗಂಟು ಜಾರಿ, ಎರಡು ಹಗ್ಗ ಎರಡು ಕಡೆಗೆ ಬಿದ್ದವು!

"ಇದನ್ನ ನಂಬಿ ನೀವು ನಲವತ್ತು ಫೂಟು ಮ್ಯಾಲಿಂದ ಇಳಿಯವ್ರಿದ್ರಿ" ಎಂದ ಅವನು.

ಮೂವತ್ತು ಜನರ ಅರವತ್ತು ಕಣ್ಣು ಅವಳ ಮೇಲೆ. ಮುಖ ಕೆಂಪಗಾಯಿತು, ಕಣ್ಣು ತುಂಬಿ ಬಂತು. 'ಬೇಕಂತಲೇ ಮರ್ಯಾದೆ ಕಳೆದ... ಎಷ್ಟು ಸೊಕ್ಕು ಈ ಮನುಷ್ಯನಿಗೆ!'

ಆ ಸೊಕ್ಕಿನ ಮನುಷ್ಯನ ಹೆಸರು ಕಲ್ಮೇಶ. ಸಾವಳಗಿಯವನು. ಬಾವಿಗಿಳಿದು ಕೆಟ್ಟ ಮೋಟರ್ ಮೇಲೆತ್ತುವುದು ಅವನ ಹೊಟ್ಟೆಪಾಡು. ಬಾದಾಮಿಯ ಬಂಡೆಗಳ ಮೇಲೆ ಎರಡು ವರ್ಷ ಹತ್ತುವುದು, ಇಳಿಯುವುದು ಕಲಿತು ಬಂದಿದ್ದ. ಬೇಸಿಗೆಯ ಭಾನುವಾರಗಳಲ್ಲಿ, ಕೃಷ್ಣೆ ಉಕ್ಕುವ ಮುಂಚೆ, ಸುತ್ತಲಿನ ಊರುಗಳಿಂದ ಬಂದವರಿಗೆ ಹಗ್ಗದ ಕೆಲಸ ಕಲಿಸುತ್ತಿದ್ದ. ಕಲಿತವರಲ್ಲಿ ಹನ್ನೆರಡು ಜನರನ್ನು ಆರಿಸಿ ತಾಲ್ಲೂಕಿನ ರಕ್ಷಣಾ ತಂಡ ಕಟ್ಟುವುದಿತ್ತು.

ಗಂಗಾಗೆ ಆ ಹನ್ನೆರಡರಲ್ಲಿ ಒಬ್ಬಳಾಗಬೇಕಿತ್ತು. ೨೦೧೯ರಲ್ಲಿ ಹೊಳೆ ಬಂದಾಗ ಚಿಕ್ಕಪಡಸಲಗಿಯಲ್ಲಿದ್ದ ಅವಳ ಸೋದರತ್ತೆ ಒಂದು ಹಗಲು, ಒಂದು ರಾತ್ರಿ ಮಾಳಿಗೆಯ ಮೇಲೆ ಕುಳಿತು ಜೀವ ಉಳಿಸಿಕೊಂಡಿದ್ದಳು. ಆವತ್ತು ಫೋನಿನಲ್ಲಿ ಅತ್ತೆಯ ಅಳು ಕೇಳುವುದನ್ನು ಬಿಟ್ಟು ಗಂಗಾಗೆ ಬೇರೇನೂ ಮಾಡಲು ಬರಲಿಲ್ಲ. ಆ ಸಂಕಟ ಅವಳ ಎದೆಯಿಂದ ಹೋಗಿರಲಿಲ್ಲ.

ಅದಕ್ಕೇ, ಎಷ್ಟು ಸಿಟ್ಟು ಬಂದರೂ, ಅವಳು ಗುಡ್ಡ ಇಳಿದು ಮನೆಗೆ ಹೋಗಲಿಲ್ಲ.

"ನೇಕಾರರು ಗಂಟಿನ ಬಾಲ, ಉಳದ ತುದಿ, ಕತ್ತರಸ್ತಾರ" ಎಂದು ಕಲ್ಮೇಶ ಎಲ್ಲರಿಗೂ ಹೇಳುತ್ತಿದ್ದ. ಈ ಸಲ ಅವನ ದನಿ ಮೆತ್ತಗಿತ್ತು. "ಕತ್ತರಸಲಿಲ್ಲಂದ್ರ ಗಂಟು ಮಗ್ಗದ ಹಣಿಗಿ ಹಲ್ಲಿನಾಗ ಸಿಗಬೀಳತೈತಿ. ಸೀರ್ಯಾಗ ಗಂಟು ಕಾಣಬಾರದು. ಅದು ಆ ಕಸುಬಿನ ಜಾಣತನ. ಆದ್ರ ಹಗ್ಗದಾಗ ಗಂಟು ಕಾಣಬೇಕು, ಬಾಲ ಒಂದು ಗೇಣು ಹೊರಗಿರಬೇಕು. ಇದು ಎಂಟರ ಗಂಟು. ಎಂಟು ಅಂಕಿ ಬರದಂಗ ಇರತೈತಿ, ನೋಡ್ರಿ."

ಆಮೇಲೆ ಅವನು ಇನ್ನೊಂದು ಮಾತು ಹೇಳಿದ.

"ಯಾರ ಗಂಟರೆ ಆಗ್ಲಿ, ಇನ್ನೊಬ್ರು ಕೈಯಿಂದ ಮುಟ್ಟಿ ನೋಡಬೇಕು. ನೋಡಿ 'ನೋಡೇನಿ' ಅಂತ ಬಾಯಿ ಬಿಟ್ಟು ಹೇಳಬೇಕು. ಅಲ್ಲೀತನಕ ಯಾರೂ ಕಾಲು ಎತ್ತಂಗಿಲ್ಲ. ನಾನೂ ಎತ್ತಂಗಿಲ್ಲ."

"ನಿಮ್ಮ ಗಂಟನ್ನೂ ನೋಡಬೇಕೇನ್ರೀ?" ಗಂಗಾ ಬೇಕಂತಲೇ ಕೇಳಿದಳು.

"ಮೊದಲ ನಂದ ನೋಡ್ರಿ" ಎಂದು ಅವನು ಸೊಂಟದ ಬೆಲ್ಟಿನ ಗಂಟನ್ನು ಅವಳ ಮುಂದೆ ಹಿಡಿದ.

ಅದರಲ್ಲಿ ತಪ್ಪು ಹುಡುಕಲು ಅವಳು ಏನೆಲ್ಲ ಒದ್ದಾಡಿದಳು! ಸಿಗಲಿಲ್ಲ.

"...ನೋಡೇನಿ" ಎಂದಳು, ಮುಖ ಆ ಕಡೆ ತಿರುಗಿಸಿ.

*

ಮನೆಯಲ್ಲಿ ಅವತ್ತಿನಿಂದ ಎಂಟರ ಗಂಟಿನದೇ ಕಾಟ. ಪಾವರ್‌ಲೂಮಿನ ಕಾಲಿಗೆ ಗಂಟು, ಕಿಟಕಿಯ ಸರಳಿಗೆ ಗಂಟು, ಒಂದು ದಿನ ಅವ್ವನ ಕುರ್ಚಿಗೂ ಗಂಟು.

"ಏ ಗಂಗಾ, ಇದೇನ ಬೇ! ಕುರ್ಚಿ ಎಲ್ಲಿ ಓಡಿ ಹೊಕ್ಕೈತಂತ ಕಟ್ಟೀದಿ?" ಎಂದು ತಾಯವ್ವ ಗದರಿದಳು.

"ಕಲ್ಮೇಶ ಸರ್ ಹೇಳ್ಯಾರ, ಕಣ್ಣು ಮುಚ್ಚಿ ಹಾಕಾಕ ಬರಬೇಕಂತ."

"ಕಲ್ಮೇಶ ಸರ್ ಹಂಗಂದ್ರು, ಕಲ್ಮೇಶ ಸರ್ ಹಿಂಗಂದ್ರು... ಹೋದ ವಾರ 'ಆ ಸೊಕ್ಕಿನ ಮನಷ್ಯಾ' ಅಂತಿದ್ದಿ?"

ಗಂಗಾ ಮುಖ ಮರೆಮಾಚಲು ಮಗ್ಗದ ಕಡೆ ಬಗ್ಗಿದಳು. ತಾಯಿಯ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ?

ನಿಜ ಹೇಳಬೇಕೆಂದರೆ ಸಿಟ್ಟು ಯಾವ ಭಾನುವಾರ ಕರಗಿತೋ ಅವಳಿಗೇ ತಿಳಿದಿರಲಿಲ್ಲ. ಬಹುಶಃ ಅವನು ಪ್ರವಾಹದ ಕಥೆ ಹೇಳಿದ ದಿನ ಇರಬೇಕು. "ಹಗ್ಗ ಎಲ್ಲಾರ ಮನ್ಯಾಗೂ ಇತ್ರಿ. ಎತ್ತು ಕಟ್ಟೂ ಹಗ್ಗ, ಬಾವಿ ಹಗ್ಗ... ಗಂಟು ಯಾರಿಗೂ ಬರ್ತಿರಲಿಲ್ಲ. ನಮ್ಮ ಮಾವ ಆರು ತಾಸು ಜಾಲಿ ಗಿಡ ಅಪ್ಪಿಕೊಂಡು ಕುಂತಿದ್ದ. ನಾನು ಹೊಳಿ ದಂಡಿಮ್ಯಾಲೆ ಹಗ್ಗ ಹಿಡಕೊಂಡು ಅಳಾಕತ್ತಿದ್ದೆ" ಎಂದಿದ್ದ. ತನ್ನಂತೆಯೇ ಕೈಕಟ್ಟಿ ಅತ್ತವನು ಇನ್ನೊಬ್ಬನಿದ್ದಾನೆ ಎಂದು ಅವತ್ತು ಅವಳಿಗೆ ಗೊತ್ತಾಯಿತು.

ಅಥವಾ ಅವನು ನೂಲಿನ ಎರಡು ಎಳೆ ಹಿಡಿದುಕೊಂಡು ಬಂದ ದಿನ ಇರಬಹುದು.

"ನಿಮ್ಮ ಗಂಟು ನನಗ ಕಲಿಸ್ರಿ."

"ಜಾರೂ ಗಂಟು ನಿಮಗ್ಯಾಕ್ರೀ?" ಅವಳು ಕೊಂಕಿನಿಂದ ಕೇಳಿದಳು.

"ಹಗ್ಗದಾಗ ಜಾರತೈತಿ. ನೂಲಿನಾಗ ಅದಕ್ಕಿಂತ ಛಲೋ ಗಂಟಿಲ್ಲಂತ ಕೇಳೇನಿ. ಅವತ್ತ ಅದನ್ನ ಹೇಳಬೇಕಾಗಿತ್ತು, ಹೇಳಲಿಲ್ಲ. ತಪ್ಪಾತು."

ಬಂಡೆ ಹಿಡಿದು ದಪ್ಪಗಾದ ಅವನ ಬೆರಳಿಗೆ ಎಳೆ ಸಿಗಲೇ ಇಲ್ಲ. ಅವಳು ಒಂದೇ ಉಸಿರಿನಲ್ಲಿ ನಾಲ್ಕು ಗಂಟು ಹಾಕಿ ತೋರಿಸಿದಳು. ಅವನು ಬಾಯಿ ತೆರೆದು ನೋಡಿದ. ಗೆಳತಿ ಸ್ನೇಹಾ ದೂರದಿಂದ ಕೆಮ್ಮಿದಳು. ಆ ಕೆಮ್ಮಿಗೆ ಔಷಧ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು!

*

ಜೂನ್ ಮೊದಲ ವಾರ ತಂಡದ ಪಟ್ಟಿ ಬಂತು. ಗಂಗಾ ಮೇಲಿಂದ ಕೆಳಗೆ ಓದಿದಳು. ಕೆಳಗಿಂದ ಮೇಲೆ ಓದಿದಳು.

ಸ್ನೇಹಾಳ ಹೆಸರಿತ್ತು. ಗಂಗಾಳ ಹೆಸರಿರಲಿಲ್ಲ.

"ಯಾಕ್ರೀ?" ಗುಡ್ಡದ ಕೆಳಗೆ ಅವನನ್ನು ತಡೆದು ಕೇಳಿದಳು. "ನನ್ನಿಂದ ಏನು ತಪ್ಪಾಗೇತಿ?"

"ತಪ್ಪೇನಿಲ್ಲ."

"ಮತ್ತ?"

"ಈ ವರ್ಷ ಬ್ಯಾಡ್ರಿ..." ಅವನು ನೆಲ ನೋಡುತ್ತಿದ್ದ.

"ಇಷ್ಟು ದಿನ ನಕ್ಕೋತ ಕಲಿಸಿದ್ದೆಲ್ಲ ನಾಟಕ ಏನ್ರೀ? ಮೊದಲನೇ ದಿನದ ಗಂಟು ನಿಮ್ಮ ಮನಸಿನಾಗ ಇನ್ನೂ ಬಿಚ್ಚಿಲ್ಲ. ಅಷ್ಟ!"

"ಹಂಗಲ್ಲ..."

"ಹಂಗಲ್ಲಂದ್ರ ಹೆಂಗ? ಹೇಳ್ರಿ!"

"ಹೇಳಾಕ ಬರೂದಿಲ್ಲ, ಗಂಗಾಂಬಿಕಾ ಅವ್ರ."

ಅವಳು ಅಲ್ಲೇ ಅವನ ಕಣ್ಣೆದುರೇ ಫೋನಿನಿಂದ ಅವನ ನಂಬರ್ ಅಳಿಸಿದಳು. ಬನಹಟ್ಟಿಯ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ದಾರಿಯುದ್ದಕ್ಕೂ ಅತ್ತಳು. 'ಇಂಥವನನ್ನು ನಾನು... ಛೇ!'

ಪಾಪ, ಅವಳಿಗೆ ಗೊತ್ತಿಲ್ಲದ್ದನ್ನು ನಿಮಗೆ ಹೇಳಿಬಿಡುತ್ತೇನೆ. ಪಟ್ಟಿ ಬರುವ ಮೂರು ದಿನ ಮುಂಚೆ ಅವಳ ಅಪ್ಪ ರಾಜಕುಮಾರ ಸಾವಳಗಿಗೆ ಹೋಗಿದ್ದ. ಕಲ್ಮೇಶನ ಎರಡೂ ಕೈ ಹಿಡಿದುಕೊಂಡಿದ್ದ.

"ತಮ್ಮಾ, ಮುಧೋಳದವ್ರು ಹೆಣ್ಣ ನೋಡಾಕ ಬರವ್ರದಾರ. ಹುಡುಗಿ ಹಗ್ಗ ಹಿಡಕೊಂಡು ಬಂಡೆಗಲ್ಲಿನ ಮ್ಯಾಲೆ ಜೋತಾಡ್ತಾಳಂತ ಗೊತ್ತಾದ್ರ ಯಾರು ಮಾಡ್ಕೋತಾರಪಾ? ಆಕಿ ಹೆಸರು ತಗದಬಿಡು. ನಾ ಹೇಳೇನಂತ ಮಾತ್ರ ಹೇಳಬ್ಯಾಡ. ಮಗಳು ನನ್ನ ಮಾರಿ ನೋಡೂದಿಲ್ಲ..."

ಕಲ್ಮೇಶ ಅವನನ್ನು ಕೂರಿಸಿ ನೀರು ಕೊಟ್ಟಿದ್ದ. ಮಳೆಗಾಲ ಮುಗಿದ ಮೇಲೆ ಇದೇ ಮನುಷ್ಯನ ಮನೆಗೆ ಹೋಗಿ ಇದೇ ಮಗಳನ್ನು ಕೇಳಬೇಕೆಂದುಕೊಂಡಿದ್ದ ಅವನು! ಏನು ಹೇಳಿಯಾನು? "ಆತ್ರೀ ಕಾಕಾ" ಎಂದ. ಮಾತು ಕೊಟ್ಟ ಮೇಲೆ ಮುಗಿಯಿತು, ಅವನು ಬಾಯಿ ಬಿಡುವವನಲ್ಲ.

*

ಜುಲೈ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಪಾವರ್‌ಲೂಮ್‌ಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು.

ಅದಕ್ಕೇ ಸ್ವಲ್ಪ ಹೊತ್ತಿನ ಮೇಲೆ ಆ ಕೂಗು ಕೇಳಿಸಿತು. ಮಗ್ಗ ನಡೆಯುತ್ತಿದ್ದರೆ ಕೇಳುತ್ತಲೇ ಇರಲಿಲ್ಲ.

"ಯವ್ವಾ... ಗಂಗಾ..."

ಹಿತ್ತಲ ಬಾವಿಯೊಳಗಿಂದ!

ಗಂಗಾ ಓಡಿದಳು. ಬಗ್ಗಿ ನೋಡಿದಳು. ನಲವತ್ತು ಫೂಟು ಕೆಳಗೆ, ಎದೆಮಟ್ಟದ ನೀರಿನಲ್ಲಿ, ಅಪ್ಪ ಮೋಟರಿನ ಪೈಪು ಅಪ್ಪಿಕೊಂಡು ನಿಂತಿದ್ದ. ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಕಾಲು ಮುರದೈತವ್ವಾ... ಕೈ ಸೋಲಾಕತ್ತೈತಿ..."

ಕರೆಂಟು ಹೋದ ಹೊತ್ತಿನಲ್ಲೇ ಪೈಪಿಗೆ ಸಿಕ್ಕ ಕಸ ತೆಗೆಯೋಣವೆಂದು ಅವನು ಯಾರಿಗೂ ಹೇಳದೆ ಇಳಿದಿದ್ದ. ಬೇವಿನ ಮರಕ್ಕೆ ಕಟ್ಟಿದ ಹಗ್ಗ ಸಾಲದೆ ಇನ್ನೊಂದನ್ನು ಜೋಡಿಸಿದ್ದ. ಈಗ ಮರದಿಂದ ಜೋತು ಬಿದ್ದಿದ್ದು ಅರ್ಧ ಹಗ್ಗ ಮಾತ್ರ. ಗಂಗಾ ಅದರ ತುದಿ ಹಿಡಿದು ನೋಡಿದಳು. ಹಗ್ಗ ಹರಿದಿರಲಿಲ್ಲ. ತುದಿಯನ್ನು ನೀಟಾಗಿ, ಕುಡಗೋಲಿನಿಂದ ಕತ್ತರಿಸಲಾಗಿತ್ತು.

ನಲವತ್ತು ವರ್ಷ ನೇಯ್ದ ಕೈ! ನೇಕಾರರ ಗಂಟು ಹಾಕಿ, ಅಭ್ಯಾಸದಂತೆ ಬಾಲವನ್ನೂ ಕತ್ತರಿಸಿಬಿಟ್ಟಿತ್ತು.

ಗುಡ್ಡದ ಮೇಲೆ ಆ ಮೊದಲ ದಿನ ತನ್ನ ಗಂಟು ಯಾರೂ ಬಿಚ್ಚದೆ ಹೋಗಿದ್ದರೆ...?

ಯೋಚಿಸಲು ಹೊತ್ತಿರಲಿಲ್ಲ. "ಸ್ನೇಹಾ, ಅಗ್ನಿಶಾಮಕದವ್ರಿಗೆ ಫೋನ್ ಹಚ್ಚು!" ಎಂದು ಪಕ್ಕದ ಮನೆಗೆ ಕೂಗಿದಳು. ಜಮಖಂಡಿಯಿಂದ ಹೊರಟಿದ್ದೇವೆ, ಅರ್ಧ ತಾಸು ಬೇಕು ಎಂದರು. ಅಪ್ಪನ ಕೈ ಅರ್ಧ ತಾಸು ತಡೆಯುತ್ತದೆಯೇ?

ಅವಳು ಫೋನ್ ತೆಗೆದಳು. ನಂಬರ್ ಅಳಿಸಿದ್ದಳು ನಿಜ. ಬೆರಳಿಗೆ ಹತ್ತೂ ಅಂಕಿ ನೆನಪಿದ್ದವು!

"ಕಲ್ಮೇಶ ಸರ್... ನಮ್ಮಪ್ಪ... ಬಾವ್ಯಾಗ..."

"ರಬಕವಿಯಾಗ ಅದೇನಿ. ಹತ್ತ ಮಿನಿಟು. ನನ್ನ ಸಲುವಾಗಿ ಕಾಯಬ್ಯಾಡ್ರಿ, ಹಗ್ಗ ತಯಾರ ಮಾಡ್ರಿ. ನಿಮಗ ಬರತೈತಿ."

*ನಿಮಗ ಬರತೈತಿ.* ಆ ಒಂದು ಮಾತು ಸಾಕಾಯಿತು, ಅವಳು ಪಕ್ಕದ ಮನೆಗೆ ಓಡಿದಳು.

ಸ್ನೇಹಾಳ ಮನೆಯಲ್ಲಿ ತಂಡದ ಹೊಸ ಹಗ್ಗಗಳಿದ್ದವು, ಬೆಲ್ಟು, ಹೆಲ್ಮೆಟ್ಟು ಇದ್ದವು. ಗಂಗಾ ಬೇವಿನ ಮರಕ್ಕೆ ಹಗ್ಗ ಸುತ್ತಿದಳು. ಬಾವಿಯ ಕಲ್ಲಿನ ಅಂಚಿಗೆ ಹಗ್ಗ ಉಜ್ಜಬಾರದು. "ಅವ್ವಾ, ಏನರೆ ದಪ್ಪಂದು ಕೊಡು!" ಎಂದಳು. ತಾಯವ್ವ ಮಾರಾಟಕ್ಕೆ ಮಡಚಿಟ್ಟಿದ್ದ ಹೊಸ ಸೀರೆಗಳ ಗಂಟನ್ನೇ ತಂದು ಅಂಚಿನ ಮೇಲೆ ಹಾಸಿದಳು. ಓಣಿಯ ಎಂಟು ಹತ್ತು ಜನ ಓಡಿ ಬಂದಿದ್ದರು.

ಕಲ್ಮೇಶ ಬೈಕನ್ನು ನೆಲಕ್ಕೆ ಬಿಟ್ಟು ಹಾರಿ ಬಂದ. ಒಂದೇ ನೋಟದಲ್ಲಿ ಎಲ್ಲ ನೋಡಿದ. "ನಾನು ಇಳೀತೇನಿ."

"ಬ್ಯಾಡ್ರಿ. ಬಾವಿ ಸಣ್ಣದು, ಅಪ್ಪನ ಸಂಗಾಟ ನಾನಷ್ಟ ಹಿಡಸ್ತೇನಿ. ಮತ್ತ ನೀವು ಇಳದ್ರ ಮ್ಯಾಲೆ ಹಗ್ಗ ಹಿಡಿಯವ್ರು ಯಾರು? ನಮ್ಮ ಓಣಿ ಮಂದಿಗೆ ಜಗ್ಗೂದು ಗೊತ್ತೈತಿ, ಹಿಡಿಯೂದು ಗೊತ್ತಿಲ್ಲ."

ಅವನು ಅವಳ ಮುಖ ನೋಡಿದ. ಒಂದು ಗಳಿಗೆ. ಆಮೇಲೆ ಮಂಡಿಯೂರಿ ಅವಳ ಸೊಂಟದ ಗಂಟನ್ನು ಬೆರಳಿನಿಂದ ಮುಟ್ಟುತ್ತ ಬಂದ. ಎಂಟರ ಗಂಟು. ಬಾಲ ಒಂದು ಗೇಣು.

"ನೋಡೇನಿ" ಎಂದ.

ಗಂಗಾ ಕಾಲು ಎತ್ತಲಿಲ್ಲ. "ನಿಮ್ದು?"

ಬಾವಿಯ ಅಂಚಿನಲ್ಲಿ ನಿಲ್ಲುವವನಿಗೂ ಮರದಿಂದ ಒಂದು ಹಗ್ಗ ಬೇಕು, ಕಲ್ಮೇಶ ಅದನ್ನು ಅವಸರದಲ್ಲಿ ಸೊಂಟಕ್ಕೆ ಕಟ್ಟಿಕೊಂಡಿದ್ದ. ಅವಳು ಬಗ್ಗಿ ಅವನ ಗಂಟು ಮುಟ್ಟಿದಳು. ಎಂಟರಲ್ಲಿ ಅರ್ಧವೇ ಆಗಿತ್ತು! ಹಗ್ಗದ ತುದಿ ಒಳಗೆ ಹೋಗಿರಲೇ ಇಲ್ಲ.

"ಸರ್..."

ಕಲ್ಮೇಶ ನೋಡಿಕೊಂಡ. ಮುಖ ಬಿಳಿಚಿತು. "ಕೈ... ಕೈ ನಡಗಾಕತ್ತೈತ್ರಿ."

"ಯಾಕ? ನೀವು ದಿನಾ ಮಾಡೂ ಕೆಲಸ?"

"ದಿನಾ ನಾನು ಇಳೀತೇನಿ" ಎಂದ ಅವನು, ಬಹಳ ಸಣ್ಣ ದನಿಯಲ್ಲಿ. "ಇವತ್ತ ನೀವು ಇಳಿಯಾಕತ್ತೀರಿ."

ಅವಳು ಹಗ್ಗದ ತುದಿ ಹಿಡಿದಳು. ತನ್ನ ಕೈಯಿಂದಲೇ ಅವನ ಗಂಟು ಪೂರ್ತಿ ಮಾಡಿ, ಬಿಗಿದು, ಬಾಲ ಅಳೆದು "ನೋಡೇನಿ" ಎಂದಳು. ಬಾವಿಗೆ ಬೆನ್ನು ಮಾಡಿ, ಕಲ್ಲಿಗೆ ಪಾದ ಊರಿ ಇಳಿದಳು.

ಕೆಳಗೆ ನೀರು ಕೊರೆಯುತ್ತಿತ್ತು. ಅಪ್ಪನ ತುಟಿ ನೀಲಿಯಾಗಿತ್ತು. ಅವಳು ಸಂಗಡ ಒಯ್ದಿದ್ದ ಅಗಲ ಪಟ್ಟಿಯೊಂದನ್ನು ಅವನ ಕಂಕುಳ ಕೆಳಗೆ ಸುತ್ತಿ, ಇನ್ನೊಂದು ತೊಡೆಗೆ ಹಾಕಿ, ಮೇಲಿಂದ ಬಂದ ಎರಡನೇ ಹಗ್ಗಕ್ಕೆ ಕಟ್ಟತೊಡಗಿದಳು.

"ಗಂಟು ಜಾರಿತವ್ವಾ..." ರಾಜಕುಮಾರ ಹಲ್ಲು ಕಡಿಯುತ್ತ ಹೇಳಿದ. "ಎಂದೂ ಜಾರದ ಗಂಟು..."

"ಹಗ್ಗದಾಗ ಜಾರತೈತ್ಯಪ್ಪಾ. ಸುಮ್ಮನಿರ್ರಿ."

"ಸುಮ್ಮನ ಇರಾಕ ಆಗೂದಿಲ್ಲ. ಸತ್ತಗಿತ್ತೇನಂದ್ರ ಹೇಳದ ಹೋದಂಗ ಆಗತೈತಿ... ನಿನ್ನ ಹೆಸರು ಆ ಹುಡುಗ ತಗೀಲಿಲ್ಲ. ನಾನ ತಗಿಸಿದ್ದು. ಕೈ ಹಿಡಕೊಂಡು, ಹೇಳಬ್ಯಾಡಂತ ಮಾತು ತಗೊಂಡು ಬಂದಿದ್ದೆ."

ಗಂಗಾಳ ಕೈ ಒಂದು ಕ್ಷಣ ನಿಂತಿತು.

'ಹೇಳಾಕ ಬರೂದಿಲ್ಲ, ಗಂಗಾಂಬಿಕಾ ಅವ್ರ...' ನೆಲ ನೋಡುತ್ತಿದ್ದ ಆ ಕಣ್ಣುಗಳು ನೆನಪಾದವು. ಅವಳು ಬೈದದ್ದನ್ನೆಲ್ಲ ನುಂಗಿಕೊಂಡು ನಿಂತಿದ್ದ!

ಅವಳು ಗಂಟನ್ನು ಮತ್ತೆ ಮೊದಲಿನಿಂದ ಕಟ್ಟಿದಳು. ಈ ಸಲ ಇನ್ನೂ ಬಿಗಿಯಾಗಿ.

"ಅಪ್ಪಾ, ಸಾಯೂ ಮಾತು ಬ್ಯಾಡ. ಮ್ಯಾಲೆ ಹೋಗಿ ಬೈಯ್ಯೂದು ಬಾಳ ಐತಿ ನಿಮಗ." ಮೇಲೆ ನೋಡಿ ಕೂಗಿದಳು, "ಸರ್, ಗಂಟು ನೋಡೇನಿ! ಎತ್ತಿಸ್ರಿ!"

ಮೇಲಿನಿಂದ ಅವನ ದನಿ ಬಂತು. "ಎಲ್ಲಾರೂ ಕೂಡೇ... ಮೆತ್ತಗ... ಹಾಂ, ಜಗ್ಗ್ರಿ!"

ಹೊಸ ಸೀರೆಗಳ ಮೇಲೆ ಹಗ್ಗ ಜಾರುತ್ತ ರಾಜಕುಮಾರ ಅಂಗುಲ ಅಂಗುಲವಾಗಿ ಬೆಳಕಿಗೆ ಹೋದ. ಹಿಂದೆಯೇ ಗಂಗಾಳನ್ನೂ ಎತ್ತಿದರು. ಅಗ್ನಿಶಾಮಕದವರು ಬರುವಷ್ಟರಲ್ಲಿ ಅವನು ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಅವರೇ ಸ್ಟ್ರೆಚರಿನಲ್ಲಿ ಎತ್ತಿ ಆಸ್ಪತ್ರೆಗೆ ಸಾಗಿಸಿದರು. ಅಂಬುಲೆನ್ಸಿನ ಗದ್ದಲದಲ್ಲಿ ಗಂಗಾ ತಿರುಗಿ ನೋಡಿದಾಗ ಕಲ್ಮೇಶ ಒದ್ದೆ ಹಗ್ಗ ಸುತ್ತುತ್ತ ಒಂದು ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

*

ಮೂರು ವಾರದ ನಂತರ ಕಲ್ಮೇಶ ಅದೇ ಹಿತ್ತಲಿಗೆ ಬಂದ. ಬಾವಿಗೆ ಕಬ್ಬಿಣದ ಏಣಿ ಕೂರಿಸುವುದಿತ್ತು. ಬೇವಿನ ಮರದ ಕೆಳಗೆ ಓಣಿಯ ಹತ್ತು ಹೆಂಗಸರು ಹಗ್ಗ ಹಿಡಿದು ಕುಳಿತಿದ್ದರು. ಗಂಗಾ ಕಲಿಸುತ್ತಿದ್ದಳು.

"ಬಾಲ ಕತ್ತರಸಬ್ಯಾಡ್ರಿ ಅಂದ್ನಿಲ್ಲೋ! ಇದು ಸೀರಿ ಅಲ್ಲ!"

ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡ ರಾಜಕುಮಾರ ಹೊರಸಿನ ಮೇಲೆ ಮಲಗಿದ್ದ. ಕಲ್ಮೇಶನನ್ನು ಕಂಡು ಕೈಮುಗಿದ.

"ಕಾಕಾ, ಹಿಂಗ ಮಾಡಬ್ಯಾಡ್ರಿ."

"ಮಾಡಸ್ಕೋ ತಮ್ಮಾ. ನನ್ನ ಮಗಳಿಗೆ ವಿದ್ಯೆ ಕೊಟ್ಟಿ, ಅದ ವಿದ್ಯೆ ನನಗ ಜೀವಾ ಕೊಟ್ತು. ಮುಧೋಳದವ್ರಿಗೆ ಬರಬ್ಯಾಡ್ರಿ ಅಂತ ಹೇಳೇನಿ. ಆಕಿ ಹೆಸರು ಪಟ್ಟಿಯೊಳಗ ಬರಕೋ."

"ಹನ್ನೆರಡನೇ ನಂಬರ್ ಖಾಲಿ ಬಿಟ್ಟೇನ್ರಿ. ಹನ್ನೊಂದು ಮಂದೀನ ಬರದಿದ್ದೆ" ಎಂದ ಕಲ್ಮೇಶ.

ಗಂಗಾ ಬೆಚ್ಚಿ ನೋಡಿದಳು. ಎರಡು ಸಲ ಓದಿದ್ದಳು ಪಟ್ಟಿಯನ್ನು. ಎಣಿಸಿರಲಿಲ್ಲ!

ತಾಯವ್ವಗೆ ಒಮ್ಮೆಲೇ ಚಹಾ ನೆನಪಾಯಿತು. ಹೆಂಗಸರನ್ನೂ ಒಳಗೆ ಕರೆದಳು. ರಾಜಕುಮಾರ ಗೋಡೆಯ ಕಡೆ ಮಗ್ಗುಲಾಗಿ, ಇಲ್ಲದ ನಿದ್ದೆಯನ್ನು ಜೋರಾಗಿ ಮಾಡತೊಡಗಿದ.

ಕಲ್ಮೇಶ ಬಾವಿಗಿಳಿಯಲು ಬೆಲ್ಟು ಕಟ್ಟುತ್ತಿದ್ದ. ಗಂಗಾ ಹತ್ತಿರ ಬಂದಳು.

"ಅಷ್ಟು ಬೈದೆ ನಿಮಗ. ಒಂದು ಮಾತು ಹೇಳಬಾರದಾಗಿತ್ತೇನ್ರೀ?"

"ಮಾತು ಕೊಟ್ಟಿದ್ದೆ. ಮತ್ತ... ಮುಂದ ಅವ್ರ ಮನಿಗೇ ಒಂದು ಕೇಳಾಕ ಬರೂದಿತ್ತು. ಮಾತು ಮುರಕೊಂಡು ಯಾವ ಮಾರಿ ತಗೊಂಡು ಬರ್ಲಿ?"

"ಏನು ಕೇಳಾಕ?" ಕೇಳಿದಳು. ಗೊತ್ತಿದ್ದೂ ಕೇಳಿದಳು.

ನಲವತ್ತು ಫೂಟಿನ ಬಂಡೆಗೆ ಅಂಜದವನು ನೂಲಿನಂಥ ಹುಡುಗಿಯ ಮುಂದೆ ತಡವರಿಸಿದ. "ನನ್ನ ಗಂಟು ನೋಡಾಕ... ಒಬ್ರು ಬೇಕಾಗ್ಯಾರ."

"ಎಷ್ಟು ದಿನದ ಮಟ?"

"ನನ್ನ ಕೈ ನಡಗೂದು ನಿಲ್ಲೂ ಮಟ."

"ಅದು ಯಾವಾಗ ನಿಲ್ಲತೈತಿ?"

"ನೀ ಎದುರಿಗಿದ್ರ..." ಮೊದಲ ಸಲ ಅವನ ಬಾಯಲ್ಲಿ 'ನೀವು' ಹೋಗಿ 'ನೀ' ಬಂದಿತ್ತು. "ನಿಲ್ಲೂದ ಇಲ್ಲ ಗಂಗಾ."

ಅವಳ ಕಣ್ಣು ತುಂಬಿದವು. ಅತ್ತೆಗಾಗಿ ಅತ್ತದ್ದು, ಬಸ್ಸಿನಲ್ಲಿ ಅತ್ತದ್ದು ಬೇರೆ. ಇದು ಬೇರೆ. ತನ್ನ ಸೊಕ್ಕು ಮುರಿದ ಆ ಮೊದಲ ದಿನಕ್ಕೆ, ಖಾಲಿ ಬಿಟ್ಟ ಹನ್ನೆರಡನೇ ನಂಬರಿಗೆ, ಹೊರಸಿನ ಮೇಲೆ ಸುಳ್ಳೇ ಗೊರಕೆ ಹೊಡೆಯುತ್ತ ಬದುಕಿರುವ ಅಪ್ಪನಿಗೆ... ಎಲ್ಲಕ್ಕೂ ಮನಸ್ಸಿನಲ್ಲೇ ಕೈಮುಗಿದಳು.

ಆಮೇಲೆ ಬಗ್ಗಿ, ಅವನ ಗಂಟನ್ನು ಬೆರಳಿನಿಂದ ಮುಟ್ಟುತ್ತ ಹೋದಳು. ಎಂಟು ಪೂರ್ತಿ ಇತ್ತು. ಬಾಲ ಒಂದು ಗೇಣು ಇತ್ತು.

"ನೋಡೇನಿ" ಎಂದಳು.

ಅವನು ಇಳಿಯಲಿಲ್ಲ. ಅವಳ ಮುಖವನ್ನೇ ನೋಡುತ್ತ ನಿಂತಿದ್ದ.

"ಗಂಟು ಅಷ್ಟ ನೋಡಿದ್ಯೋ...?"

"ಗಂಟೂ ನೋಡೇನಿ, ನಿಮ್ಮನ್ನೂ ನೋಡೇನಿ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಎರಡೂ ಗಟ್ಟಿ ಅದಾವ. ಇನ್ನ ಇಳೀರಿ... ಮ್ಯಾಲೆ ನಾ ಹಿಡಕೊಂಡೇನಿ."